ಚಂಡಮಾರುತಕ್ಕೆ ಮುಂಚೆ ಬಿದ್ದ ಸಹಿ: ಹಾರ್ವಿ ಸೀಡರ್ಸ್ ಮರಳುದಿಬ್ಬದ ಪ್ರಕರಣ

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬ್ರಿಗಂಟೈನ್ ಹತ್ತಿರ ದಡ ಹತ್ತಿತು. ಮೂರು ತಿಂಗಳಾದ ಮೇಲೆ, 2013ರ ಜನವರಿ 29ಕ್ಕೆ, ಪರಿಹಾರದ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಒಟ್ಟು ಸುಮಾರು 5,050 ಕೋಟಿ ಡಾಲರ್. ಅದರಲ್ಲಿ ಸುಮಾರು 535 ಕೋಟಿ ಹೋಗಿದ್ದು ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ಗೆ. ಅಲ್ಲಿ ಕಡಲತೀರಕ್ಕೆ ಮರಳು ತುಂಬಿಸುವುದು, ದಿಬ್ಬ ಕಟ್ಟುವುದು ಎಲ್ಲ ಇವರ ಕೆಲಸ.

ಇಷ್ಟು ದುಡ್ಡು ಬಂದಾಗ ಎಲ್ಲರೂ ಅಂದುಕೊಳ್ಳುವುದು ಒಂದೇ: ಯಾವ ಊರು ಜಾಸ್ತಿ ಹಾಳಾಗಿದೆಯೋ ಅಲ್ಲಿಗೆ ಮೊದಲು ಮರಳು ಬರುತ್ತದೆ. ನ್ಯೂಜೆರ್ಸಿಯ ಲಾಂಗ್ ಬೀಚ್ ಐಲ್ಯಾಂಡ್‌ನಲ್ಲಿ ಹಾಗೆ ಆಗಲಿಲ್ಲ. ಸುಮಾರು 18 ಮೈಲಿ ಉದ್ದದ ಈ ಕಿರಿದಾದ ದ್ವೀಪದಲ್ಲಿ ಮೊದಲು ಮರಳು ಬಂದಿದ್ದು ಹಾರ್ವಿ ಸೀಡರ್ಸ್, ಸರ್ಫ್ ಸಿಟಿ ಮತ್ತು ಬ್ರ್ಯಾಂಟ್ ಬೀಚ್‌ಗೆ. ಈ ಮೂರೂ ಕಡೆ ದಿಬ್ಬ ಆಗಲೇ ಕಟ್ಟಿ ಆಗಿತ್ತು. ದಿಬ್ಬವೇ ಇಲ್ಲದೆ ಏಟು ತಿಂದ ಪಕ್ಕದ ಊರುಗಳು ಇನ್ನೂ ವರ್ಷಗಟ್ಟಲೆ ಕಾದವು.

ಅನ್ಯಾಯ ಅನ್ನಿಸುತ್ತೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಹಣದ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹೀಗಾಗಿದ್ದು ಯಾಕೆ ಅಂತ ಅರ್ಥವಾಗುತ್ತದೆ. ಚಂಡಮಾರುತ ಆದ ಮೇಲೆ ಬರುವ ಸರ್ಕಾರಿ ದುಡ್ಡು ಹುಡುಕಿಕೊಂಡು ಹೋಗುವುದು ಚಂಡಮಾರುತಕ್ಕೆ ಮುಂಚೆ ಫೈಲಿನಲ್ಲಿ ಏನಿತ್ತು ಅನ್ನುವುದನ್ನು. ನಕ್ಷೆ ಇತ್ತಾ, ಅಳತೆ ಇತ್ತಾ, ನಿರ್ವಹಣೆ ಆಗುತ್ತಿತ್ತಾ, ಎಲ್ಲಕ್ಕಿಂತ ಮುಖ್ಯವಾಗಿ ಜಾಗದ ಮಾಲೀಕರ ಸಹಿ ಇತ್ತಾ. ಹಾರ್ವಿ ಸೀಡರ್ಸ್ ಊರಿನ ಕಥೆ ಇದನ್ನು ತುಂಬಾ ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕೇ ಈ ಒಂದು ಊರನ್ನೇ ಹಿಡಿದು ಬರೆಯುತ್ತಿದ್ದೇನೆ.

ಊರು ಮತ್ತು ದಿಬ್ಬ

ಹಾರ್ವಿ ಸೀಡರ್ಸ್‌ನಲ್ಲಿ ವರ್ಷಪೂರ್ತಿ ಇರುವ ಜನ ಕೆಲವು ನೂರು ಅಷ್ಟೇ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಹಿನ್ನೀರು, ನಡುವೆ ಒಂದು ಮುಖ್ಯ ರಸ್ತೆ ಮತ್ತು ಸಾಲು ಮನೆಗಳು. ಬಹಳಷ್ಟು ಮನೆಗಳು ಬೇಸಿಗೆಗೆ ಬಂದು ಹೋಗುವವರದ್ದು. 1962ರ ಮಾರ್ಚ್‌ನ ಬಿರುಗಾಳಿಯಲ್ಲಿ ಸಮುದ್ರ ಇಲ್ಲಿ ದ್ವೀಪವನ್ನೇ ಕೊರೆದುಕೊಂಡು ಹಿನ್ನೀರಿಗೆ ಸೇರಿತ್ತು. ಹಾಗಾಗಿ ಸಮುದ್ರ ಏನು ಮಾಡಬಲ್ಲದು ಅನ್ನುವುದು ಊರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ದ್ವೀಪದ ಬಹುಭಾಗಕ್ಕೆ ಒಂದು ದಿಬ್ಬದ ಯೋಜನೆ ಮಾಡಿ 2000ನೇ ಇಸವಿಯಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ಅಳತೆ ಕರಾರುವಾಕ್ಕಾಗಿತ್ತು. ದಿಬ್ಬದ ಎತ್ತರ 22 ಅಡಿ. ನೆತ್ತಿಯ ಅಗಲ 30 ಅಡಿ. ದಿಬ್ಬದ ಮುಂದೆ ನೀರಿನ ಕಡೆಗೆ 125 ಅಡಿ ಅಗಲದ ಸಮತಟ್ಟಾದ ಮರಳು. ಪ್ರತಿ 7 ವರ್ಷಕ್ಕೊಮ್ಮೆ ಹೊಸ ಮರಳು ತಂದು ತುಂಬಬೇಕು, ಒಟ್ಟು 50 ವರ್ಷ.

ಈ 125 ಅಡಿಯ ಸಮತಟ್ಟಿನ ಬಗ್ಗೆ ಒಂದು ಮಾತು. ನೋಡುವವರ ಕಣ್ಣಿಗೆ ಬೀಳುವುದು ದಿಬ್ಬ, ಜಗಳ ಆಗುವುದೂ ದಿಬ್ಬದ ಎತ್ತರದ ಮೇಲೆ. ಆದರೆ ಮೊದಲು ಸಾಯುವುದು ಈ ಸಮತಟ್ಟು. ಅಲೆ ಅಲ್ಲೇ ಮುರಿದು ಶಕ್ತಿ ಕಳೆದುಕೊಳ್ಳುತ್ತದೆ. ಅದು ಸವೆದ ಮೇಲೆಯೇ ದಿಬ್ಬದ ಬುಡಕ್ಕೆ ನೀರು ಬಡಿಯಲು ಶುರುವಾಗುವುದು. ಮರಳು ಕೊಚ್ಚಿಕೊಂಡು ಹೋಯಿತು ಅಂದರೆ ಯೋಜನೆ ಸೋತಿತು ಅಂತ ಅಲ್ಲ. ಮನೆಗಳ ಬದಲು ತಾನು ಕೊಚ್ಚಿಕೊಂಡು ಹೋಗಲಿ ಅಂತಲೇ ಆ ಮರಳನ್ನು ಅಲ್ಲಿ ಹಾಕಿರುತ್ತಾರೆ. "ಕೋಟಿಗಟ್ಟಲೆ ದುಡ್ಡು ಸಮುದ್ರಕ್ಕೆ ಸುರಿದರು" ಅಂತ ಬಿರುಗಾಳಿ ಆದ ಮರುದಿನ ಜನ ಬೈಯುವಾಗ ಈ ವಿಷಯ ಮರೆತುಹೋಗಿರುತ್ತದೆ.

ದಿಬ್ಬ ಕಟ್ಟುವ ಕೆಲಸ ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಡ್ರೆಜರ್ ಹಡಗು ಸಮುದ್ರದ ತಳದಿಂದ ಮರಳನ್ನು ನೀರಿನ ಜೊತೆ ಹೀರಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ದಡದ ಹತ್ತಿರ ಬಂದು ದಪ್ಪ ಕಬ್ಬಿಣದ ಪೈಪಿಗೆ ಬಾಯಿ ಕೊಡುತ್ತದೆ. ಪೈಪಿನ ಇನ್ನೊಂದು ತುದಿಯಿಂದ ಬೂದು ಬಣ್ಣದ ರಾಡಿ ರಭಸವಾಗಿ ಬೀಚಿಗೆ ಬೀಳುತ್ತದೆ, ನೀರು ಹರಿದುಹೋಗಿ ಮರಳು ಉಳಿಯುತ್ತದೆ, ಬುಲ್ಡೋಜರ್‌ಗಳು ಅದನ್ನು ಅಳತೆಗೆ ತಕ್ಕಂತೆ ತಳ್ಳುತ್ತವೆ. ಆಮೇಲೆ ಮರದ ಪಟ್ಟಿಯ ಬೇಲಿ. ಆಮೇಲೆ ಹುಲ್ಲು. ಅಮೆರಿಕನ್ ಬೀಚ್‌ಗ್ರಾಸ್ ಅನ್ನುವ ಹುಲ್ಲನ್ನು ಎರಡು ಮೂರು ಕಡ್ಡಿ ಸೇರಿಸಿ, ಗುಂಡಿ ತೋಡಿ, ಸಾಲಾಗಿ ಕೈಯಲ್ಲೇ ನೆಡುತ್ತಾರೆ. ಛಳಿಗಾಲ ಇದಕ್ಕೆ ಒಳ್ಳೆ ಸಮಯ. ಗಾಳಿಗೆ ಮರಳು ಹಾರಿ ಬಂದು ಈ ಹುಲ್ಲನ್ನು ಮುಚ್ಚಿದರೆ ಅದು ಸಾಯುವುದಿಲ್ಲ, ಇನ್ನೂ ಚೆನ್ನಾಗಿ ಮೇಲೆದ್ದು ಬೆಳೆಯುತ್ತದೆ. ಬೇರು ಕೆಳಗೆ ಹೆಣೆದುಕೊಂಡು ದಿಬ್ಬವನ್ನು ಹಿಡಿದಿಡುತ್ತದೆ. ಜನ ಅದರ ಮೇಲೆ ನಡೆದಾಡಿದರೆ ಮಾತ್ರ ಬೇಗ ಸಾಯುತ್ತದೆ. ದಿಬ್ಬದ ಮೇಲೆ ಕಾಲಿಡಬೇಡಿ ಅನ್ನುವ ಬೋರ್ಡು ಸುಮ್ನೆ ಹಾಕಿರುವುದಲ್ಲ.

ಇದೇ ದ್ವೀಪದ ಸರ್ಫ್ ಸಿಟಿಯಲ್ಲಿ 2007ರಲ್ಲಿ ಒಂದು ವಿಚಿತ್ರ ಘಟನೆ ಆಯಿತು. ಹೊಸದಾಗಿ ತುಂಬಿದ ಮರಳಿನಲ್ಲಿ ಮೊದಲನೇ ಮಹಾಯುದ್ಧದ ಕಾಲದ ಮದ್ದುಗುಂಡಿನ ಭಾಗಗಳು ಸಿಗತೊಡಗಿದವು. ಯಾವಾಗಲೋ ಸಮುದ್ರಕ್ಕೆ ಎಸೆದಿದ್ದು ಡ್ರೆಜರ್‌ನ ಪೈಪಿನಲ್ಲಿ ವಾಪಸ್ ಬಂದಿತ್ತು. ಬೀಚ್ ಮುಚ್ಚಿ ಹುಡುಕಿ ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಮರಳು ಹೀರುವಾಗ ಜಾಲರಿ ಹಾಕಿ ಸೋಸುವ ಪದ್ಧತಿ ಬಂತು. ಎಸ್ಟಿಮೇಟ್‌ನಲ್ಲಿ ಇಲ್ಲದ ಖರ್ಚು ಎಲ್ಲಿಂದ ಹುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ನೂರು ಡಾಲರ್ ಖರ್ಚಾದರೆ ಯಾರ ಜೇಬಿನಿಂದ

ಮೊದಲ ಸಲ ದಿಬ್ಬ ಕಟ್ಟುವಾಗ ಕೇಂದ್ರ ಸರ್ಕಾರ 65 ಪಾಲು ಕೊಡುತ್ತದೆ. ಉಳಿದ 35 ಪಾಲು ಸ್ಥಳೀಯರದ್ದು. ನ್ಯೂಜೆರ್ಸಿಯಲ್ಲಿ ಆ 35ರಲ್ಲಿ ಮುಕ್ಕಾಲು ರಾಜ್ಯದ್ದು, ಕಾಲು ಭಾಗ ಊರಿನದ್ದು. ಅಂದರೆ ನೂರು ಡಾಲರ್ ಕೆಲಸಕ್ಕೆ ಕೇಂದ್ರ 65, ರಾಜ್ಯ 26 ಚಿಲ್ಲರೆ, ಊರು 9ಕ್ಕಿಂತ ಸ್ವಲ್ಪ ಕಡಿಮೆ. ರಾಜ್ಯ ತನ್ನ ಪಾಲನ್ನು ತೀರ ರಕ್ಷಣೆಯ ಒಂದು ನಿಧಿಯಿಂದ ಕೊಡುತ್ತದೆ. ಆಸ್ತಿ ಮಾರಾಟದ ಶುಲ್ಕದಿಂದ ಆ ನಿಧಿಗೆ ಹಣ ಬರುವ ವ್ಯವಸ್ಥೆ ಇದೆ.

ಒಂಬತ್ತು ಡಾಲರ್ ಹಾಕಿ ನೂರರ ಕೆಲಸ ಮಾಡಿಸಿಕೊಳ್ಳುವುದು ಅಂದರೆ ಯಾವ ಊರಿಗಾದರೂ ಲಾಭದ ಮಾತೇ. ಆದರೆ ಇಲ್ಲೊಂದು ಷರತ್ತು ಇದೆ, ಎಲ್ಲ ಗಲಾಟೆ ಶುರುವಾಗಿದ್ದು ಅಲ್ಲಿಂದಲೇ. ದಿಬ್ಬಕ್ಕೆ ಬೇಕಾದ ಜಾಗವನ್ನು ಒದಗಿಸುವುದು ಸ್ಥಳೀಯರ ಜವಾಬ್ದಾರಿ. ಕೇಂದ್ರ ಜಾಗ ಕೊಡಿಸುವುದಿಲ್ಲ. ನ್ಯೂಜೆರ್ಸಿಯಲ್ಲಿ ಎಷ್ಟೋ ಕಡೆ ಸಮುದ್ರದ ಎದುರಿನ ಮನೆಯವರ ಆಸ್ತಿ ದಿಬ್ಬದವರೆಗೂ, ಕೆಲವು ಕಡೆ ಅದನ್ನೂ ದಾಟಿ ಇರುತ್ತದೆ. ಹಾಗಾಗಿ ಒಬ್ಬೊಬ್ಬ ಮಾಲೀಕರಿಂದಲೂ ಈಸ್‌ಮೆಂಟ್ ಬರೆಸಿಕೊಳ್ಳಬೇಕು. ಜಾಗ ಅವರ ಹೆಸರಲ್ಲೇ ಇರುತ್ತದೆ, ಆದರೆ ಅಲ್ಲಿ ದಿಬ್ಬ ಕಟ್ಟುವ, ನೋಡಿಕೊಳ್ಳುವ, ಮತ್ತೆ ಮತ್ತೆ ಮರಳು ಹಾಕುವ ಹಕ್ಕು ಸರ್ಕಾರಕ್ಕೆ ಶಾಶ್ವತವಾಗಿ ಸಿಗುತ್ತದೆ. ಸಾರ್ವಜನಿಕರಿಗೆ ಬೀಚಿಗೆ ಹೋಗಲು ದಾರಿ ಇರಬೇಕು, ಹತ್ತಿರದಲ್ಲಿ ಗಾಡಿ ನಿಲ್ಲಿಸಲು ಜಾಗ ಇರಬೇಕು. ಎಲ್ಲರ ತೆರಿಗೆ ದುಡ್ಡಿನಲ್ಲಿ ಕೆಲವರ ಖಾಸಗಿ ಬೀಚಿಗೆ ಮರಳು ಹಾಕುವುದಿಲ್ಲ ಅನ್ನುವುದು ನಿಯಮ. ಈ ನಿಯಮ ನೂರಕ್ಕೆ ನೂರು ಸರಿ ಅಂತ ನನ್ನ ಅಭಿಪ್ರಾಯ.

ಹಾರ್ವಿ ಸೀಡರ್ಸ್‌ಗೆ ಒಟ್ಟು 82 ಆಸ್ತಿಗಳ ಈಸ್‌ಮೆಂಟ್ ಬೇಕಿತ್ತು. 66 ಜನ ಒಪ್ಪಿ ಸಹಿ ಮಾಡಿಕೊಟ್ಟರು. 16 ಜನ ಆಗಲ್ಲ ಅಂದರು.

ಆಗಲ್ಲ ಅಂದವರ ಮಾತು

ಅವರನ್ನು ಸ್ವಾರ್ಥಿಗಳು ಅಂದುಬಿಡುವುದು ಸುಲಭ. ಸ್ಯಾಂಡಿ ಆದ ಮೇಲೆ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಇಂಥ ಮಾಲೀಕರನ್ನು ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಂಡಿದ್ದರು. ಆದರೆ ಅವರ ಕಡೆಯಿಂದಲೂ ಒಮ್ಮೆ ನೋಡೋಣ. ನೀವು ಸಮುದ್ರ ಕಾಣಲಿ ಅಂತಲೇ ಅಲ್ಲಿ ಜಾಗ ಕೊಂಡು ಮನೆ ಕಟ್ಟಿಸಿರುತ್ತೀರಿ. ನಿಮ್ಮ ಮನೆ ಮುಂದೆ 16 ಅಡಿ ದಿಬ್ಬ ಇತ್ತು, ಅದರ ಮೇಲಿಂದ ನೀರು ಕಾಣುತ್ತಿತ್ತು. ಈಗ ಅದು 22 ಅಡಿ ಆಗುತ್ತದೆ. ಕೆಳಗಿನ ಮಹಡಿಯಿಂದ ನೋಡಿದರೆ ಮರಳಿನ ಗೋಡೆ. ಬರೆದುಕೊಡಬೇಕಾದ ಕಾಗದದಲ್ಲಿ "ಶಾಶ್ವತ" ಅಂತ ಬೇರೆ ಇದೆ. ನಾಳೆ ಅಲ್ಲಿ ಇನ್ನೇನಾದರೂ ಕಟ್ಟಿದರೆ ಅನ್ನುವ ಭಯ ಇರುವುದು ಸಹಜ. ದಿಬ್ಬ ದಾಟಿ ಬೀಚಿಗೆ ಇಳಿಯಲು ಅನುಮತಿ ಪಡೆದು ಸ್ವಂತ ಮೆಟ್ಟಿಲು ಕಟ್ಟಿಕೊಳ್ಳುವ ಹಕ್ಕು ಮಾಲೀಕರಿಗೆ ಉಳಿಯುತ್ತದೆ, ಆದರೆ ಅಷ್ಟರಿಂದ ಎಲ್ಲರಿಗೂ ಸಮಾಧಾನ ಆಗಲಿಲ್ಲ.

ನನ್ನ ಪ್ರಕಾರ ಅವರ ಬೇಸರ ನಿಜವಾದದ್ದೇ. ಆ ಬೇಸರಕ್ಕೆ ಕೇಳಿದ ಬೆಲೆಯಲ್ಲೇ ಸಮಸ್ಯೆ ಇದ್ದಿದ್ದು.

16 ಜನ ಸಹಿ ಮಾಡದಿದ್ದರೆ ಆ 16 ಕಡೆ ದಿಬ್ಬದಲ್ಲಿ ಕಿಂಡಿ ಬಿಡಬೇಕಾಗುತ್ತದೆ. ಹಾಗೆ ಕಿಂಡಿ ಬಿಟ್ಟ ದಿಬ್ಬ ತೂತು ಬಿದ್ದ ಕೊಡದ ಹಾಗೆ. ನೀರು ಕಿಂಡಿಯಲ್ಲಿ ನುಗ್ಗಿ ಸಹಿ ಮಾಡಿದವರ ಮನೆಗೂ ಹಿಂದಿನಿಂದ ಬರುತ್ತದೆ. ಹಾಗಾಗಿ ಊರಿನ ಆಡಳಿತ 2008ರಲ್ಲಿ ಭೂಸ್ವಾಧೀನದ ಅಧಿಕಾರ ಬಳಸಿ ಈಸ್‌ಮೆಂಟ್‌ಗಳನ್ನು ತೆಗೆದುಕೊಂಡಿತು. 2010ರ ಹೊತ್ತಿಗೆ ದಿಬ್ಬ ಕಟ್ಟಿ ಮುಗಿಯಿತು. ಪರಿಹಾರ ಎಷ್ಟು ಕೊಡಬೇಕು ಅನ್ನುವುದು ಕೋರ್ಟಿಗೆ ಹೋಯಿತು.

ಒಬ್ಬ ದಂಪತಿಯ ಪ್ರಕರಣ ಎಲ್ಲಕ್ಕಿಂತ ಮುಂದೆ ಹೋಯಿತು. ಮೂರು ಅಂತಸ್ತಿನ ಮನೆ, ಅವರ ಜಾಗದ ಕಾಲು ಭಾಗಕ್ಕಿಂತ ಜಾಸ್ತಿ ಈಸ್‌ಮೆಂಟ್‌ಗೆ ಹೋಗಿತ್ತು. ಅವರ ಕಡೆಯ ಮೌಲ್ಯಮಾಪಕರು ಸಮುದ್ರದ ನೋಟ ಹೋಗಿದ್ದಕ್ಕೆ ನಷ್ಟ ಸುಮಾರು 5 ಲಕ್ಷ ಡಾಲರ್ ಅಂದರು. ಊರಿನ ಕಡೆಯ ಮೌಲ್ಯಮಾಪಕರು ನಷ್ಟ ಹೆಚ್ಚೆಂದರೆ 300 ಡಾಲರ್ ಅಂದರು. ಐದು ಲಕ್ಷ ಒಂದು ಕಡೆ, ಮುನ್ನೂರು ಇನ್ನೊಂದು ಕಡೆ! ಜ್ಯೂರಿ 3.75 ಲಕ್ಷ ಡಾಲರ್ ಕೊಡಿ ಅಂತ ತೀರ್ಪು ಕೊಟ್ಟಿತು.

ಜ್ಯೂರಿಯನ್ನು ಬೈದು ಪ್ರಯೋಜನ ಇಲ್ಲ. ಅವರ ಮುಂದೆ ಲೆಕ್ಕದ ಅರ್ಧ ಭಾಗ ಮಾತ್ರ ಇತ್ತು. ನೋಟ ಹೋಗಿದ್ದನ್ನು ನಷ್ಟ ಅಂತ ಪರಿಗಣಿಸಬಹುದು, ಆದರೆ ದಿಬ್ಬದಿಂದ ಮನೆಗೆ ಸಿಗುವ ರಕ್ಷಣೆಯನ್ನು ಲಾಭ ಅಂತ ಪರಿಗಣಿಸುವ ಹಾಗಿಲ್ಲ ಅಂತ ವಿಚಾರಣಾ ಕೋರ್ಟ್ ಹೇಳಿತ್ತು. ಕಾರಣ, ಆ ರಕ್ಷಣೆ ಊರಿನ ಎಲ್ಲರಿಗೂ ಸಿಗುವ ಸಾಮಾನ್ಯ ಲಾಭ, ಇವರೊಬ್ಬರಿಗೇ ಸಿಗುವ ವಿಶೇಷ ಲಾಭ ಅಲ್ಲ ಅನ್ನುವ ವಾದ. ಈ ಸಾಮಾನ್ಯ ಮತ್ತು ವಿಶೇಷ ಅನ್ನುವ ಭೇದ ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಹಳಿ ಹಾಕುವಾಗ ಜನರ ಜಾಗ ಹೋದ ಕಾಲದ ಕೇಸುಗಳಿಂದ ಬಂದಿದ್ದು. ಮೇಲ್ಮನವಿ ಕೋರ್ಟ್ 2012ರಲ್ಲಿ ಜ್ಯೂರಿಯ ಮೊತ್ತವನ್ನೇ ಎತ್ತಿಹಿಡಿಯಿತು.

ಈಗ ಊರಿನ ಖಜಾನೆಯ ಕಡೆ ನೋಡಿ. ಸಹಿ ಮಾಡದ 16 ಜನಕ್ಕೂ ಇದೇ ದರ ಅಂದರೆ 60 ಲಕ್ಷ ಡಾಲರ್. ಸಹಿ ಮಾಡಿಕೊಟ್ಟ 66 ಜನವೂ ಇದೇ ದರ ಕೇಳಿದ್ದರೆ, ಒಟ್ಟು 82 ಜನಕ್ಕೆ 3 ಕೋಟಿ ಡಾಲರ್ ದಾಟುತ್ತಿತ್ತು. ಕೆಲವು ನೂರು ಜನರ ಊರು ಅದು. ಕೇಂದ್ರದ 65 ಪಾಲಿನ ಆಸೆಗೆ ಯೋಜನೆಗೆ ಕೈ ಹಾಕಿದ ಊರು ಜಾಗದ ಪರಿಹಾರ ಕೊಟ್ಟೇ ಮುಳುಗಬಹುದಿತ್ತು. ಇದಕ್ಕಿಂತ ಕೆಟ್ಟದ್ದು ಪಕ್ಕದ ಊರುಗಳಿಗೆ ಹೋದ ಸಂದೇಶ. ಅಲ್ಲಿ ಸಹಿ ಹಾಕದೆ ಕೂತಿದ್ದವರು, ಕಾದರೆ ಲಕ್ಷಗಟ್ಟಲೆ ಸಿಗುತ್ತದೆ ಅಂತ ಇನ್ನಷ್ಟು ಗಟ್ಟಿಯಾಗಿ ಕೂತರು. ದಿಬ್ಬದ ಯೋಜನೆ ದ್ವೀಪದ ಉಳಿದ ಭಾಗದಲ್ಲಿ ಅಲ್ಲಲ್ಲೇ ನಿಂತಿತು.

ಅಷ್ಟರಲ್ಲಿ ಸ್ಯಾಂಡಿ ಬಂತು.

ಚಂಡಮಾರುತ ಕೊಟ್ಟ ಸಾಕ್ಷಿ

ಹಾರ್ವಿ ಸೀಡರ್ಸ್‌ನ ದಿಬ್ಬ ಸಾಕಷ್ಟು ಮರಳು ಕಳೆದುಕೊಂಡಿತು. ಸಮುದ್ರದ ಕಡೆ ಮುಖ ಚಾಕುವಿನಲ್ಲಿ ಕೊಯ್ದಂತೆ ಕಡಿದಾಗಿ ನಿಂತಿತು. ಆದರೆ ನಿಂತಿತು. ಕೇಸು ಹಾಕಿದ್ದ ದಂಪತಿಯ ಮನೆಯೂ ಉಳಿಯಿತು. ದಿಬ್ಬ ಇಲ್ಲದ ಕಡೆ, ದ್ವೀಪದ ದಕ್ಷಿಣ ತುದಿಯ ಹಾಲ್ಗೇಟ್‌ನಂಥ ಜಾಗಗಳಲ್ಲಿ, ಸಮುದ್ರ ಬೀದಿಗೆ ಬಂದು ಮನೆಗಳ ಬುಡ ಕಿತ್ತಿತು. ಬೀಚಿನ ಮರಳು ರಸ್ತೆ ಮೇಲೆ ಅಡಿಗಟ್ಟಲೆ ಗುಡ್ಡೆ ಬಿದ್ದಿತ್ತು. ಅದನ್ನು ಗಾಜು, ಮೊಳೆ, ಮರದ ಚೂರು ಹೋಗುವಂತೆ ಯಂತ್ರದಲ್ಲಿ ಜರಡಿ ಹಿಡಿದು ಮತ್ತೆ ಬೀಚಿಗೇ ಹಾಕಿದರು.

ಇಲ್ಲಿಂದ ಮುಂದೆ ಹಣದ ಕಥೆ ಎರಡು ದಾರಿಯಾಗಿ ಒಡೆಯುತ್ತದೆ. ಇದು ಸ್ವಲ್ಪ ಒಣ ವಿಷಯ, ಆದರೆ ಪ್ರಕರಣದ ತಿರುಳು ಇಲ್ಲೇ ಇದೆ.

ಒಂದು ದಾರಿ ಫೆಮಾದ್ದು. ವಿಪತ್ತು ಆದಾಗ ರಸ್ತೆ, ಚರಂಡಿ, ಸರ್ಕಾರಿ ಕಟ್ಟಡಗಳ ದುರಸ್ತಿಗೆ ಹಣ ಕೊಡುವ ಸಂಸ್ಥೆ ಇದು. ಸಾಮಾನ್ಯವಾಗಿ 75 ಪಾಲು ಕೇಂದ್ರದ್ದು, ಸ್ಯಾಂಡಿಗೆ ಅದನ್ನು 90ಕ್ಕೆ ಏರಿಸಿದರು. ಬೀಚಿನ ವಿಷಯಕ್ಕೆ ಬಂದರೆ ಫೆಮಾ ತುಂಬಾ ಬಿಗಿ. ತಾನಾಗಿ ಇದ್ದ ನೈಸರ್ಗಿಕ ಬೀಚ್ ಕೊಚ್ಚಿಹೋದರೆ ಅದಕ್ಕೆ ಹೊಸ ಮರಳು ಹಾಕಿಸಲು ಹಣ ಇಲ್ಲ. ಮನುಷ್ಯರು ನಿರ್ದಿಷ್ಟ ಎತ್ತರ, ಅಗಲ, ಇಳಿಜಾರಿಗೆ ಮರಳು ಹಾಕಿ ಕಟ್ಟಿದ ಬೀಚ್ ಆಗಿರಬೇಕು, ಮತ್ತೆ ಅದಕ್ಕೆ ಕಾಲಕಾಲಕ್ಕೆ ಮರಳು ತುಂಬುವ ನಿರ್ವಹಣೆ ನಡೆದುಕೊಂಡು ಬಂದಿರಬೇಕು. ಇದನ್ನೆಲ್ಲ ದಾಖಲೆ ಸಮೇತ ತೋರಿಸಬೇಕು. ಚಂಡಮಾರುತಕ್ಕೆ ಮುಂಚೆಯೇ ಸವೆದುಹೋಗಿದ್ದ ಮರಳಿಗೆ ದುಡ್ಡಿಲ್ಲ. ಆರ್ಮಿ ಕೋರ್ ಕಟ್ಟಿದ ಬೀಚಾದರೆ "ಅವರನ್ನೇ ಕೇಳಿ" ಅನ್ನುತ್ತದೆ ಫೆಮಾ. ಇಂಥ ಷರತ್ತು ಪೂರೈಸದ ಊರಿಗೆ ಅಬ್ಬಬ್ಬಾ ಅಂದರೆ ಸಿಗುವುದು ತುರ್ತಾಗಿ ಎಬ್ಬಿಸುವ ಒಂದು ತಾತ್ಕಾಲಿಕ ಮರಳಿನ ಏರಿ. ಅದನ್ನು ಲೆಕ್ಕ ಹಾಕುವುದು ಐದು ವರ್ಷಕ್ಕೊಮ್ಮೆ ಬರಬಹುದಾದ ಬಿರುಗಾಳಿಯನ್ನು ತಡೆಯುವ ಮಟ್ಟಕ್ಕೆ ಮಾತ್ರ.

ಇನ್ನೊಂದು ದಾರಿ ಆರ್ಮಿ ಕೋರ್‌ನದ್ದು. ತಾನು ಕಟ್ಟಿದ ದಿಬ್ಬ ಅಸಾಧಾರಣ ಬಿರುಗಾಳಿಗೆ ಹಾಳಾದರೆ ಅದನ್ನು ದುರಸ್ತಿ ಮಾಡುವ ತುರ್ತು ಅಧಿಕಾರ ಅದಕ್ಕೆ ಕಾನೂನಿನಲ್ಲೇ ಇದೆ. ಸ್ಯಾಂಡಿ ಕಾನೂನು ಈ ತುರ್ತು ಖಾತೆಗೆ ಸುಮಾರು 100 ಕೋಟಿ ಡಾಲರ್ ಹಾಕಿತು. ಜೊತೆಗೆ, ಬರೀ ಚಂಡಮಾರುತದ ಹಿಂದಿನ ಸ್ಥಿತಿಗಲ್ಲ, ನಕ್ಷೆಯಲ್ಲಿದ್ದ ಪೂರ್ಣ ಅಳತೆಗೇ ದಿಬ್ಬವನ್ನು ಮರಳಿ ತರಲು ದಾರಿ ಮಾಡಿಕೊಟ್ಟಿತು. ಕಟ್ಟಿದ್ದ ದಿಬ್ಬದ ದುರಸ್ತಿಗೆ ಪೂರ್ತಿ ಖರ್ಚು ಕೇಂದ್ರದ್ದೇ. ಊರಿನ 9 ಡಾಲರ್ ಕೂಡ ಬೇಡ.

ಹಾರ್ವಿ ಸೀಡರ್ಸ್ ಈ ಬಾಗಿಲಿನಿಂದ ಒಳಗೆ ಹೋಯಿತು. ನಕ್ಷೆ ಇತ್ತು, ದಿಬ್ಬ ಇತ್ತು, ಸಹಿ ಮಾಡಿದ ಮತ್ತು ಸ್ವಾಧೀನ ಮಾಡಿಕೊಂಡ ಎಲ್ಲ 82 ಈಸ್‌ಮೆಂಟ್ ಇದ್ದವು. ಹೊಸದಾಗಿ ಯಾರ ಮನೆ ಬಾಗಿಲು ತಟ್ಟುವ ಕೆಲಸ ಇರಲಿಲ್ಲ. 2013ರಲ್ಲೇ ಡ್ರೆಜರ್ ಬಂದು ಮರಳು ಸುರಿಯಿತು.

ಇನ್ನು ಎಷ್ಟು ಮರಳು ಹೋಯಿತು ಅಂತ ಹೇಳುವುದು ಹೇಗೆ? ಬಿರುಗಾಳಿಯ ಮರುದಿನ ಬೀಚಿನಲ್ಲಿ ನಿಂತು ನೋಡಿದರೆ ಎಲ್ಲವೂ ಹೋದಂತೆಯೇ ಕಾಣುತ್ತದೆ. ಫೋಟೋ ತೋರಿಸಿದರೆ ಆಗುವುದಿಲ್ಲ, ಮುಂಚಿನ ಅಳತೆ ಬೇಕು. ನ್ಯೂಜೆರ್ಸಿಯ ಪುಣ್ಯ ಅಂದರೆ ಸ್ಟಾಕ್‌ಟನ್ ವಿದ್ಯಾಸಂಸ್ಥೆಯ ಕರಾವಳಿ ಸಂಶೋಧನಾ ಕೇಂದ್ರ 1986ರಿಂದಲೂ ರಾಜ್ಯದ ಉದ್ದಕ್ಕೂ ಗೊತ್ತುಪಡಿಸಿದ ಗೆರೆಗಳಲ್ಲಿ ಬೀಚನ್ನು ಅಳೆಯುತ್ತಾ ಬಂದಿತ್ತು. ಅಳೆಯುವ ಕೋಲು ಹಿಡಿದವರು ದಿಬ್ಬದ ಹಿಂದಿನಿಂದ ಹೊರಟು, ನೆತ್ತಿ ಹತ್ತಿ, ಇಳಿದು, ಮರಳು ದಾಟಿ, ನೀರಿನೊಳಗೂ ನಡೆದು ಹೋಗುತ್ತಾರೆ. ಅದೇ ಗೆರೆ, ವರ್ಷ ವರ್ಷ. ಯಾರೂ ಗಮನಿಸದ ಬೇಸರದ ಕೆಲಸ ಇದು. ಸ್ಯಾಂಡಿ ಆದ ಮೇಲೆ ಅವರು ಬೇಗನೆ ಹೋಗಿ ಮತ್ತೆ ಅಳೆದಾಗ ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ ಅನ್ನುವುದು ಲೆಕ್ಕ ಸಮೇತ ಸಿಕ್ಕಿತು. ಇಂಥ ಅಳತೆಗೆ ಖರ್ಚಾಗುವ ಹಣ ದಿಬ್ಬದ ಖರ್ಚಿನ ಮುಂದೆ ಏನೂ ಅಲ್ಲ. ಆದರೂ ಬಜೆಟ್ ಕಡಿಮೆ ಮಾಡಬೇಕು ಅಂದ ಕೂಡಲೇ ಕತ್ತರಿ ಬೀಳುವುದು ಇಂಥದ್ದಕ್ಕೇ ಮೊದಲು. ಅದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಒಂದು ಡಾಲರ್

ಇತ್ತ ಕೇಸು ನ್ಯೂಜೆರ್ಸಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2013ರ ಜುಲೈ 8ರಂದು ತೀರ್ಪು ಬಂತು. ನ್ಯಾಯಮೂರ್ತಿ ಬ್ಯಾರಿ ಆಲ್ಬಿನ್ ಬರೆದ ತೀರ್ಪು. 3.75 ಲಕ್ಷದ ಪರಿಹಾರವನ್ನು ಕೋರ್ಟ್ ರದ್ದು ಮಾಡಿತು.

ತೀರ್ಪಿನ ಸಾರ ಸರಳವಾಗಿದೆ. ಜಾಗ ತೆಗೆದುಕೊಳ್ಳುವ ಮುಂಚೆ ಆ ಆಸ್ತಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇತ್ತು? ದಿಬ್ಬ ಕಟ್ಟಿದ ಮೇಲೆ ಉಳಿದ ಆಸ್ತಿಗೆ ಎಷ್ಟು ಬೆಲೆ ಇದೆ? ವ್ಯತ್ಯಾಸ ಎಷ್ಟೋ ಅಷ್ಟು ಪರಿಹಾರ. ಕೊಳ್ಳಲು ಬಂದವರು ನೋಟ ಹೋಯಿತು ಅಂತ ಬೆಲೆ ಇಳಿಸುತ್ತಾರೆ ನಿಜ, ಅದೇ ಜನ ಮುಂದೆ ದೊಡ್ಡ ದಿಬ್ಬ ಇದೆ, ಮನೆ ಉಳಿಯುತ್ತದೆ ಅಂತ ಬೆಲೆ ಏರಿಸುತ್ತಾರೆ ಅನ್ನುವುದೂ ಅಷ್ಟೇ ನಿಜ. ಲೆಕ್ಕಕ್ಕೆ ಸಿಗುವ, ಊಹೆಯದ್ದಲ್ಲದ ಲಾಭ ಯಾವುದಿದ್ದರೂ ಅದನ್ನು ಜ್ಯೂರಿಗೆ ತೋರಿಸಬೇಕು, ಪಕ್ಕದ ಮನೆಯವರಿಗೂ ಆ ಲಾಭ ಸಿಕ್ಕಿದೆ ಅನ್ನುವುದು ಅದನ್ನು ಮುಚ್ಚಿಡಲು ಕಾರಣ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಆ ಹಳೇ ರೈಲು ಕಾಲದ ಸಾಮಾನ್ಯ, ವಿಶೇಷ ಅನ್ನುವ ಭೇದವನ್ನು ಬದಿಗಿಟ್ಟಿತು.

ಹೊಸ ವಿಚಾರಣೆ ನಡೆಯಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜಿ ಆಯಿತು. ದಂಪತಿ ಒಪ್ಪಿಕೊಂಡ ಮೊತ್ತ ಒಂದು ಡಾಲರ್.

ಆ ಒಂದು ಡಾಲರ್‌ನ ಸುದ್ದಿ ಕರಾವಳಿಯ ಉದ್ದಕ್ಕೂ ಮಾಡಿದ ಕೆಲಸ ದೊಡ್ಡದು. ಸಹಿ ಮಾಡದೆ ಕಾಯುತ್ತಿದ್ದ ಎಷ್ಟೋ ಜನರಿಗೆ ಕಾಯುವುದರಲ್ಲಿ ಲಾಭ ಇಲ್ಲ ಅಂತ ಗೊತ್ತಾಯಿತು. ಅದೇ ಸೆಪ್ಟೆಂಬರ್ 25ಕ್ಕೆ ಗವರ್ನರ್ ಆದೇಶ ಹೊರಡಿಸಿ, ಬಾಕಿ ಉಳಿದ ಈಸ್‌ಮೆಂಟ್‌ಗಳನ್ನು ಬೇಕಾದರೆ ಕಾನೂನು ಕ್ರಮದಿಂದಲೇ ಪಡೆಯಿರಿ ಅಂತ ಅಧಿಕಾರಿಗಳಿಗೆ ಹೇಳಿದರು. ಆಗಲೂ ನೂರಾರು ಸಹಿಗಳು ಬಾಕಿ ಇದ್ದವು. ಕೆಲವು ಊರುಗಳು, ಉದಾಹರಣೆಗೆ ಮಾರ್ಗೇಟ್ ಮತ್ತು ಬೇ ಹೆಡ್‌ನವರು, ಆಮೇಲೂ ಕೋರ್ಟಿನಲ್ಲಿ ಹೋರಾಡಿದರು.

ಲಾಂಗ್ ಬೀಚ್ ಐಲ್ಯಾಂಡ್‌ನ ಉಳಿದ ಭಾಗಕ್ಕೆ ಗುತ್ತಿಗೆ ಆಗಿದ್ದು 2014ರ ಡಿಸೆಂಬರ್‌ನಲ್ಲಿ, ಸುಮಾರು 12.8 ಕೋಟಿ ಡಾಲರ್‌ಗೆ. ಕೆಲಸ ಮುಗಿದಿದ್ದು 2016ರಲ್ಲಿ. ಹಾರ್ವಿ ಸೀಡರ್ಸ್‌ಗೆ ಚಂಡಮಾರುತದ ಮರುವರ್ಷವೇ ಮರಳು ಬಂದಿತ್ತು ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಈ ಮಧ್ಯೆ ಬಂದ ಪ್ರತಿ ಛಳಿಗಾಲದ ಬಿರುಗಾಳಿಗೂ ಆ ಊರುಗಳು ಬರೀ ಮೈಯಲ್ಲಿ ನಿಂತಿದ್ದವು. ಹಣ 2013ರ ಜನವರಿಯಲ್ಲೇ ಮಂಜೂರಾಗಿತ್ತು. ಒಪ್ಪಿಗೆ ಸಿಕ್ಕಿಯೂ ಕಟ್ಟಲು ಶುರುವಾಗದ ಯೋಜನೆಗಳಿಗೂ ಕೇಂದ್ರವೇ ಮೊದಲು ಪೂರ್ತಿ ಖರ್ಚು ಹಾಕಿ, ಸ್ಥಳೀಯರ ಪಾಲನ್ನು 30 ವರ್ಷದ ಕಂತಿನಲ್ಲಿ ತೀರಿಸುವ ಅವಕಾಶ ಕೊಟ್ಟಿತ್ತು. ಹಣಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದಿದ್ದು ಸಹಿಗೆ.

ಇದಕ್ಕೆಲ್ಲ ದುಡ್ಡು ಕೊಡಬೇಕಾ

ಈ ಪ್ರಶ್ನೆ ಕೇಳಿದವರನ್ನು ನಾನು ತಪ್ಪು ಅನ್ನಲಾರೆ. ಸಮುದ್ರದಿಂದ ದೂರ ಇರುವವರ ತೆರಿಗೆ ಹಣ ಯಾಕೆ ಬೇಸಿಗೆ ಮನೆಗಳ ಮುಂದೆ ಮರಳಾಗಿ ಬೀಳಬೇಕು? ಮರಳು ಬಿದ್ದ ಮೇಲೆ ಆ ಮನೆಗಳ ಬೆಲೆ ಏರುತ್ತದೆ, ಬೆಲೆ ಏರಿದ್ದಕ್ಕೆ ಇನ್ನೂ ದೊಡ್ಡ ಮನೆ ಕಟ್ಟುತ್ತಾರೆ, ಮುಂದಿನ ಚಂಡಮಾರುತದಲ್ಲಿ ಹಾಳಾಗಲು ಇನ್ನೂ ಹೆಚ್ಚು ಆಸ್ತಿ ಇರುತ್ತದೆ. ಈ ವಾದದಲ್ಲಿ ಹುರುಳಿದೆ. ಸಾರ್ವಜನಿಕ ದಾರಿಯ ಷರತ್ತನ್ನು ಒಂದಿಷ್ಟೂ ಸಡಿಲ ಮಾಡಬಾರದು ಅಂತ ನಾನು ಹೇಳುವುದು ಅದಕ್ಕೇ. ಊರಿನ ಪಾಲೂ ಒಂಬತ್ತಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು, ಕಡೇಪಕ್ಷ ಎದುರು ಸಾಲಿನ ಮನೆಗಳಿಂದ.

ಆದರೆ ದಿಬ್ಬ ಕಟ್ಟದಿದ್ದರೆ ಖರ್ಚು ಇಲ್ಲ ಅಂದುಕೊಳ್ಳುವುದು ತಪ್ಪು. ಸಮುದ್ರ ದಾಟಿ ಬಂದ ಮೇಲೆ ರಸ್ತೆ, ಚರಂಡಿ, ನೀರಿನ ಪೈಪು ಎಲ್ಲದರ ದುರಸ್ತಿಗೆ ಅದೇ ಕೇಂದ್ರ 75 ಅಥವಾ 90 ಪಾಲು ಕೊಡುತ್ತದೆ.

ಇನ್ನೂ ಕಷ್ಟದ ಭಾಗ ನಿರ್ವಹಣೆ. ಯೋಜನೆಯಲ್ಲಿ 7 ವರ್ಷಕ್ಕೊಮ್ಮೆ ಮರಳು ಅಂತ ಬರೆದಿದೆಯಲ್ಲ, ಅದಕ್ಕೆ ಹಣ ತಾನಾಗಿ ಬರುವುದಿಲ್ಲ. ಪ್ರತಿ ವರ್ಷದ ಬಜೆಟ್‌ನಲ್ಲಿ ಸಂಸತ್ತು ಕೊಟ್ಟರೆ ಉಂಟು. 2025ರಲ್ಲಿ, 1996ರಿಂದ ಈಚೆಗೆ ಮೊದಲ ಸಲ, ಬೀಚಿಗೆ ಮರಳು ತುಂಬುವ ಈ ವಾರ್ಷಿಕ ಕೆಲಸಕ್ಕೆ ಕೇಂದ್ರ ಬಜೆಟ್‌ನಲ್ಲಿ ಸಿಕ್ಕಿದ್ದು ಸೊನ್ನೆ.

ಇಲ್ಲೊಂದು ಸಿಕ್ಕು ಇದೆ. ಆರ್ಮಿ ಕೋರ್‌ನ ತುರ್ತು ದುರಸ್ತಿ ಹಣ ಸಿಗಬೇಕಾದರೆ ಬಿರುಗಾಳಿ ಅಸಾಧಾರಣ ಆಗಿರಬೇಕು. ಅದಕ್ಕೆ ಅಳತೆಗೋಲೂ ಇದೆ: ಬಿರುಗಾಳಿ ಯೋಜನೆಯ ಲೆಕ್ಕಾಚಾರವನ್ನು ಮೀರಿರಬೇಕು, ಇಲ್ಲವೇ ದುರಸ್ತಿ ಖರ್ಚು ಅಥವಾ ಕಳೆದುಹೋದ ಮರಳು ಇಂತಿಷ್ಟನ್ನು ದಾಟಿರಬೇಕು, ಉದಾಹರಣೆಗೆ ಮರುತುಂಬುವಾಗ ಹಾಕುವ ಮರಳಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿರಬೇಕು. ಒಂದೇ ರಾತ್ರಿ ಅಷ್ಟು ಹೋದರೆ ಅರ್ಜಿ ಹಾಕಬಹುದು. ಅದೇ ಮರಳು ನಾಲ್ಕಾರು ಸಾಧಾರಣ ಛಳಿಗಾಲಗಳಲ್ಲಿ ಸ್ವಲ್ಪ ಸ್ವಲ್ಪವೇ ಹೋದರೆ ಆ ಬಾಗಿಲು ತೆರೆಯುವುದಿಲ್ಲ, ಅದು ವಾರ್ಷಿಕ ಬಜೆಟ್‌ನ ಕೆಲಸ. ಆ ಬಜೆಟ್ ಸೊನ್ನೆಯಾದ ವರ್ಷ, ದಿಬ್ಬದ ಮುಂದಿರುವ ಸಮತಟ್ಟು ಸವೆಯುತ್ತಾ ಹೋಗಿ, ನೀರು ದಿಬ್ಬದ ಬುಡಕ್ಕೆ ಹತ್ತಿರವಾಗುತ್ತಾ ಹೋದರೂ ಊರಿನವರು ಕೇಂದ್ರದ ಹಣಕ್ಕಾಗಿ ಮುಂದಿನ ಬಜೆಟ್‌ವರೆಗೆ ಕಾಯಬೇಕು, ಇಲ್ಲವೇ ರಾಜ್ಯದ ನಿಧಿಯನ್ನು ಕೇಳಬೇಕು. ನಿಯಮದಲ್ಲಿ ಮೊದಲು ಬದಲಾಗಬೇಕಾದದ್ದು ಇದು. ದಿಬ್ಬ ಕಟ್ಟುವ ದಿನವೇ ಮುಂದಿನ ಮರಳಿನ ಹಣವನ್ನೂ ಸ್ವಲ್ಪ ಸ್ವಲ್ಪ ತೆಗೆದಿಡುವ ಒಂದು ಖಾತೆ ಇರಬೇಕು, ಅದಕ್ಕೆ ಕೇಂದ್ರ, ರಾಜ್ಯ, ಊರು, ಎದುರು ಸಾಲಿನ ಮನೆಯವರು ಎಲ್ಲರೂ ಪ್ರತಿ ವರ್ಷ ಹಾಕಬೇಕು. ಹಾರ್ವಿ ಸೀಡರ್ಸ್‌ನ 82 ಈಸ್‌ಮೆಂಟ್‌ಗಳಿಗೆ ಅವಧಿ ಇಲ್ಲ. ಅವುಗಳ ಮೇಲೆ ಹಾಕಬೇಕಾದ ಮರಳಿನ ಹಣಕ್ಕೆ ಮಾತ್ರ ವರ್ಷ ವರ್ಷವೂ ಹೊಸದಾಗಿ ಕೇಳಬೇಕಾಗಿದೆ.